ತೀವ್ರ ಸೋಂಕಿನಲ್ಲಿ ಹಾರ್ಮೋನು ರಿಪೋರ್ಟುಗಳನ್ನು ಓದುವ ಬಗೆ

ಮಲೆನಾಡಿನಲ್ಲಿ ಜ್ವರಕ್ಕೆ ಇಂಥದೇ ಕಾಲವೆಂದಿಲ್ಲ. ನೆಟ್ಟಿ ಗದ್ದೆಯ ಕೆಸರಿನಲ್ಲೂ ಅಡಿಕೆ ತೋಟದ ಬಸಿಗಾಲುವೆಗಳಲ್ಲೂ ಬರಿಗಾಲಿನಲ್ಲಿ ದುಡಿಯುವವರಿಗೆ ಮಳೆಗಾಲದಲ್ಲಿ ಇಲಿ ಜ್ವರ ತಗಲುತ್ತದೆ; ಮಳೆ ಹಿಂದಾಗುವ ಹೊತ್ತಿಗೆ ಸ್ಕ್ರಬ್ ಟೈಫಸ್ ಕಾಣಿಸಿಕೊಳ್ಳುತ್ತದೆ; ಡಿಸೆಂಬರಿನಿಂದ ಮುಂದಿನ ಮಳೆ ಬೀಳುವ ತನಕ ಸೊಪ್ಪಿಗೆ, ದರಗಿಗೆ ಎಂದು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಮಂಗನ ಕಾಯಿಲೆ ಬರುತ್ತದೆ; ಇವುಗಳ ನಡುವೆ ಡೆಂಗಿ, ನ್ಯುಮೋನಿಯಾ, ಮೂತ್ರದ ಸೋಂಕು ಇದ್ದೇ ಇರುತ್ತವೆ. ಬಹುಪಾಲು ಜನ ತಾಲ್ಲೂಕು ಆಸ್ಪತ್ರೆಯಲ್ಲೇ ಗುಣವಾಗಿ ಮನೆಗೆ ಮರಳುತ್ತಾರೆ. ಕೆಲವರಲ್ಲಿ ಮಾತ್ರ ರಕ್ತದೊತ್ತಡ ಕುಸಿದು, ಮೂತ್ರಪಿಂಡವೂ ಶ್ವಾಸಕೋಶವೂ ಸೋಲತೊಡಗಿ, ಮೈಗೆ ನಂಜೇರಿದ ಆ ಸ್ಥಿತಿಯನ್ನು ವೈದ್ಯರು ಸೆಪ್ಸಿಸ್ ಎಂದು ಕೇಸ್ ಶೀಟಿನಲ್ಲಿ ಬರೆಯುತ್ತಾರೆ. ಅಂಥವರನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಖಾಸಗಿ ಐಸಿಯುಗೋ ಕರೆತಂದ ಮನೆಯವರ ಕೈಯಲ್ಲಿ ಒಂದೆರಡು ದಿನಗಳಲ್ಲೇ ದಪ್ಪನೆಯ ಫೈಲೊಂದು ಸೇರಿಕೊಳ್ಳುತ್ತದೆ. ಅದರಲ್ಲಿ ಪ್ರೊಕ್ಯಾಲ್ಸಿಟೋನಿನ್, ಕಾರ್ಟಿಸಾಲ್, ಟಿ3, ಬಿಎನ್‌ಪಿ ಎಂಬ ಹೆಸರುಗಳ ಎದುರು ದಪ್ಪಕ್ಷರದಲ್ಲಿ ಅಂಕಿಗಳಿರುತ್ತವೆ. ಆ ಅಂಕಿಗಳನ್ನು ನೋಡಿ ಭಯಪಡುವ ಮನೆಯವರಿಗಾಗಿಯೂ, ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ನೋಡುವ ಕಿರಿಯ ವೈದ್ಯರು ಹಾಗೂ ಶುಶ್ರೂಷಕರಿಗಾಗಿಯೂ ಈ ಬರಹ.

ರಿಪೋರ್ಟು ಓದುವುದಕ್ಕಿಂತ ಮೊದಲಿನ ಮಾತೊಂದಿದೆ: ಚಿಕಿತ್ಸೆ ರಿಪೋರ್ಟಿಗಾಗಿ ಕಾಯಬಾರದು. ಜ್ವರದ ರೋಗಿಯ ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮಾತು ತಡವರಿಸುತ್ತಿದ್ದರೆ, ಮೇಲಿನ ರಕ್ತದೊತ್ತಡ 100 ಅಥವಾ ಅದಕ್ಕಿಂತ ಕೆಳಗಿದ್ದರೆ, ಬೆಳಗಿನಿಂದ ಮೂತ್ರವೇ ಹೋಗದಿದ್ದರೆ, ಅಪಾಯವನ್ನು ತಿಳಿಯಲು ಹಾರ್ಮೋನು ಪರೀಕ್ಷೆ ಬೇಕಾಗಿಲ್ಲ. ಸೆಪ್ಸಿಸ್ ಚಿಕಿತ್ಸೆಗೆ ಜಗತ್ತಿನಾದ್ಯಂತ ಅನುಸರಿಸಲಾಗುವ ‘ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್’ ಮಾರ್ಗಸೂಚಿಯ 2021ರ ಆವೃತ್ತಿಯು, ರಕ್ತದೊತ್ತಡ ಕುಸಿದ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಕೊಡಬೇಕೆಂದೂ, ಆ್ಯಂಟಿಬಯೋಟಿಕ್ ಆರಂಭಿಸಬೇಕೋ ಬೇಡವೋ ಎಂಬುದನ್ನು ನಿರ್ಧರಿಸಲು ಪ್ರೊಕ್ಯಾಲ್ಸಿಟೋನಿನ್ ಅನ್ನು ಆಧರಿಸದಿರುವುದು ಒಳ್ಳೆಯದೆಂದೂ ಹೇಳುತ್ತದೆ. ಹೀಗಿರುವಾಗ ‘ಪ್ರೊಕ್ಯಾಲ್ ಬರಲಿ, ಆಮೇಲೆ ನೋಡೋಣ’ ಎಂಬ ಮಾತು ವಾರ್ಡಿನಲ್ಲಿ ಕೇಳಿಬಂದರೆ ಅದನ್ನು ಪ್ರಶ್ನಿಸುವ ಹಕ್ಕು ಮನೆಯವರಿಗಿದೆ.

ರಿಪೋರ್ಟು ಕೈಗೆ ಬಂದಾಗ ಕಣ್ಣು ಹೋಗಬೇಕಾದದ್ದು ಅಂಕಿಗಿಂತ ಮೊದಲು ಸಮಯದ ಮೇಲೆ. ಹಾಳೆಯ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಎರಡು ಸಮಯಗಳಿರುತ್ತವೆ, ರಕ್ತ ತೆಗೆದದ್ದು ಮತ್ತು ರಿಪೋರ್ಟು ಮುದ್ರಿಸಿದ್ದು. ಹೊಸನಗರದಲ್ಲಿ ಸಂಜೆ ಆರಕ್ಕೆ ತೆಗೆದ ರಕ್ತವು ಶಿವಮೊಗ್ಗದ ಲ್ಯಾಬ್ ತಲುಪಿ, ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ರಿಪೋರ್ಟಾಗಿ ಬಂದರೆ, ಅದು ಹೇಳುವುದು ನಿನ್ನೆ ಸಂಜೆಯ ಸುದ್ದಿಯನ್ನು. ಅಷ್ಟರಲ್ಲಿ ರೋಗಿಗೆ ಎರಡು ಡೋಸ್ ಆ್ಯಂಟಿಬಯೋಟಿಕ್ ಹೋಗಿರಬಹುದು, ಸ್ಟಿರಾಯ್ಡ್ ಇಂಜೆಕ್ಷನ್ನೂ ಆಗಿರಬಹುದು. ಆದ್ದರಿಂದ ರಕ್ತ ತೆಗೆದ ಗಂಟೆ, ಜ್ವರ ಶುರುವಾದ ದಿನ, ಮೊದಲ ಆ್ಯಂಟಿಬಯೋಟಿಕ್ ಕೊಟ್ಟ ಗಂಟೆ, ಈ ಮೂರನ್ನೂ ಪ್ರತಿ ರಿಪೋರ್ಟಿನ ಅಂಚಿನಲ್ಲಿ ಪೆನ್ನಿನಿಂದ ಬರೆದಿಡುವುದು ಒಳ್ಳೆಯ ರೂಢಿ. ಈ ಬರಹದ ಉಳಿದೆಲ್ಲ ಸಲಹೆಗಳೂ ಇದೊಂದರ ಮೇಲೆ ನಿಂತಿವೆ, ಏಕೆಂದರೆ ಸಮಯ ಗೊತ್ತಿಲ್ಲದ ಹಾರ್ಮೋನು ಅಂಕಿಯಿಂದ ಮುಂದಿನದನ್ನು ಊಹಿಸಲಾಗುವುದಿಲ್ಲ.

ಪ್ರೊಕ್ಯಾಲ್ಸಿಟೋನಿನ್: ಅಂಕಿಯ ಎತ್ತರಕ್ಕಿಂತ ಅದರ ಇಳಿಕೆ

ಪ್ರೊಕ್ಯಾಲ್ಸಿಟೋನಿನ್ ಎಂಬುದು 116 ಅಮೈನೋ ಆಮ್ಲಗಳ ಸರಪಳಿ. ಆರೋಗ್ಯವಂತರಲ್ಲಿ ಇದು ಥೈರಾಯ್ಡ್ ಗ್ರಂಥಿಯ ಕೆಲವು ಕೋಶಗಳಲ್ಲಿ ಹುಟ್ಟಿ, ಅಲ್ಲೇ ತುಂಡಾಗಿ ಕ್ಯಾಲ್ಸಿಟೋನಿನ್ ಹಾರ್ಮೋನಾಗುವುದರಿಂದ, ರಕ್ತದಲ್ಲಿ ಸಿಗುವುದು ಒಂದು ಮಿಲಿಲೀಟರಿಗೆ 0.05 ನ್ಯಾನೋಗ್ರಾಂಗಿಂತ ಕಡಿಮೆ. ಬ್ಯಾಕ್ಟೀರಿಯಾ ಸೋಂಕು ಮೈಗೆಲ್ಲ ಹರಡಿದಾಗ ಯಕೃತ್ತು, ಕೊಬ್ಬು ಮೊದಲಾದ ಅಂಗಾಂಶಗಳೂ ಇದನ್ನು ತಯಾರಿಸತೊಡಗುತ್ತವೆ. ಅಲ್ಲಿ ಅದನ್ನು ತುಂಡರಿಸುವ ವ್ಯವಸ್ಥೆ ಇಲ್ಲದ ಕಾರಣ ಅದು ಇಡಿಯಾಗಿಯೇ ರಕ್ತಕ್ಕೆ ಸೇರುತ್ತದೆ. ಫ್ರಾನ್ಸಿನ ವೈದ್ಯರು ಈ ಸಂಬಂಧವನ್ನು 1993ರಲ್ಲಿ ಪ್ರಕಟಿಸಿದರು. ಸೋಂಕು ರಕ್ತಕ್ಕೆ ಹಬ್ಬಿದ ಸುಮಾರು 4ರಿಂದ 6 ಗಂಟೆಗಳಲ್ಲಿ ಅಂಕಿ ಏರತೊಡಗುತ್ತದೆ, 12ರಿಂದ 24 ಗಂಟೆಗಳಲ್ಲಿ ತುದಿ ಮುಟ್ಟುತ್ತದೆ, ಸೋಂಕು ಹತೋಟಿಗೆ ಬಂದ ಮೇಲೆ ದಿನಕ್ಕೆ ಹೆಚ್ಚುಕಡಿಮೆ ಅರ್ಧದಂತೆ ಇಳಿಯುತ್ತದೆ. ದಿನಕ್ಕೆ ಅರ್ಧ ಎಂಬ ಈ ಲೆಕ್ಕವೇ ಮುಂದಿನ ಓದಿಗೆಲ್ಲ ಕೀಲಿಕೈ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ತೋಟದ ಕೆಲಸಗಾರರೊಬ್ಬರು ಸೋಮವಾರ ರಾತ್ರಿ ಇಲಿ ಜ್ವರದ ಅನುಮಾನದಲ್ಲಿ ದಾಖಲಾಗುತ್ತಾರೆ, ಪ್ರೊಕ್ಯಾಲ್ಸಿಟೋನಿನ್ 48 ಬರುತ್ತದೆ. ಮಂಗಳವಾರ 41, ಬುಧವಾರ 22, ಗುರುವಾರ 12, ಶುಕ್ರವಾರ 7. ಪಕ್ಕದ ಹಾಸಿಗೆಯಲ್ಲಿ ನ್ಯುಮೋನಿಯಾದ ಹಿರಿಯರೊಬ್ಬರಿದ್ದಾರೆ, ಅವರ ಅಂಕಿಗಳು ಅದೇ ದಿನಗಳಲ್ಲಿ 3.2, 3.6, 3.5, 3.1, 3.4. ಮೊದಲ ದಿನ ಇಬ್ಬರ ಮನೆಯವರೂ ಕಾರಿಡಾರಿನಲ್ಲಿ ರಿಪೋರ್ಟು ಹೋಲಿಸಿ ನೋಡಿದರೆ, 48 ಕಂಡವರು ಎದೆಯೊಡೆದುಕೊಳ್ಳುತ್ತಾರೆ, 3.2 ಕಂಡವರು ಸಮಾಧಾನಪಡುತ್ತಾರೆ. ಶುಕ್ರವಾರದ ಹೊತ್ತಿಗೆ ವೈದ್ಯರ ಚಿಂತೆ ಎರಡನೆಯ ಹಾಸಿಗೆಯ ಕಡೆ ತಿರುಗಿರುತ್ತದೆ. ಹದಿನೈದು ಪಟ್ಟು ಹೆಚ್ಚಿದ್ದ ಅಂಕಿ ಇಳಿಜಾರಿನಲ್ಲಿದೆ, ಚಿಕ್ಕ ಅಂಕಿ ಹಟ ಹಿಡಿದು ಕೂತಿದೆ. ಅಂದರೆ ಕೊಟ್ಟ ಔಷಧಕ್ಕೆ ಆ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲ, ಇಲ್ಲವೇ ಎಲ್ಲೋ ಕೀವು ಕಟ್ಟಿದೆ, ಇಲ್ಲವೇ ಆಸ್ಪತ್ರೆಯಲ್ಲೇ ಹೊಸ ಸೋಂಕು ಸೇರಿಕೊಂಡಿದೆ. ಹಾಗೆ ಇಳಿಯದ ಅಂಕಿ ಕಂಡಾಗ ಮಾಡಬೇಕಾದದ್ದು ಹುಡುಕಾಟ: ಕಲ್ಚರ್ ರಿಪೋರ್ಟು ನೋಡುವುದು, ಸ್ಕ್ಯಾನ್ ಮಾಡಿಸುವುದು, ಹಳೆಯ ಡ್ರಿಪ್ ಸೂಜಿ ಮತ್ತು ಮೂತ್ರದ ನಳಿಕೆಗಳನ್ನು ಪರಿಶೀಲಿಸುವುದು. ಅಂಕಿ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಇನ್ನೂ ದುಬಾರಿಯ ಆ್ಯಂಟಿಬಯೋಟಿಕ್ಕಿಗೆ ಏರುವುದನ್ನು ನಾನು ಒಪ್ಪುವುದಿಲ್ಲ.

ಇಳಿಕೆಯನ್ನು ಲೆಕ್ಕ ಹಾಕುವುದು ಸುಲಭ. ಈವರೆಗೆ ಬಂದ ಅಂಕಿಗಳಲ್ಲಿ ಅತಿ ದೊಡ್ಡದನ್ನು ಐದರಿಂದ ಭಾಗಿಸಿ. ಇವತ್ತಿನ ಅಂಕಿ ಆ ಭಾಗಲಬ್ಧಕ್ಕೆ ಸಮನಾಗಿದ್ದರೆ ಅಥವಾ ಕಡಿಮೆಯಿದ್ದರೆ ಶೇ. 80ರಷ್ಟು ಇಳಿಕೆಯಾಗಿದೆ ಎಂದು ತಿಳಿಯಬಹುದು. ಮೇಲಿನ ತೋಟದ ಕೆಲಸಗಾರರಿಗೆ ಆ ಗುರುತು 9.6; ಶುಕ್ರವಾರದ 7 ಅದನ್ನು ದಾಟಿದೆ. ಈ ಶೇ. 80ರ ಗಡಿ ಸುಮ್ಮನೆ ಹುಟ್ಟಿದ್ದಲ್ಲ. ಅಮೆರಿಕದ ತುರ್ತು ವಿಭಾಗ ಮತ್ತು ಐಸಿಯುಗಳಲ್ಲಿ ಸೆಪ್ಸಿಸ್ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಲ್ಕನೆಯ ದಿನದ ಹೊತ್ತಿಗೆ ಇಷ್ಟು ಇಳಿಕೆ ಕಂಡವರಲ್ಲಿ 28 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 10 ಮಂದಿ, ಇಳಿಕೆ ಕಾಣದವರಲ್ಲಿ ಸುಮಾರು 20 ಮಂದಿ. ಈ ಅಂಕಿಗಳನ್ನು ಮನೆಯವರಿಗೆ ಹೇಳುವಾಗ ‘ಅಪಾಯ ದುಪ್ಪಟ್ಟು’ ಎಂದಷ್ಟೇ ಹೇಳಿ ಮುಗಿಸುವುದು ಅರ್ಧ ಸತ್ಯ. ಇಳಿಕೆ ಕಾಣದ ಗುಂಪಿನಲ್ಲೂ ನೂರಕ್ಕೆ 80 ಮಂದಿ ಬದುಕಿದರು ಎಂಬುದು ಅದೇ ಲೆಕ್ಕದ ಇನ್ನರ್ಧ. ಕಿರಿಯ ವೈದ್ಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು.

ಪ್ರೊಕ್ಯಾಲ್ಸಿಟೋನಿನ್ ನಿಜವಾಗಿ ಹಣ ಉಳಿಸುವ ಜಾಗ ಆ್ಯಂಟಿಬಯೋಟಿಕ್ ನಿಲ್ಲಿಸುವ ಹಂತ. ರೋಗಿ ಚೇತರಿಸಿಕೊಳ್ಳುತ್ತಿದ್ದು, ಅಂಕಿ 0.5ಕ್ಕಿಂತ ಕೆಳಗಿಳಿದಿದ್ದರೆ ಅಥವಾ ತುದಿಯಿಂದ ಶೇ. 80 ಇಳಿದಿದ್ದರೆ, ಐಸಿಯುಗಳಲ್ಲಿ ಔಷಧ ನಿಲ್ಲಿಸುವುದನ್ನು ಯೋಚಿಸಲಾಗುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಈ ನಿಯಮ ಪಾಲಿಸಿದ ಗುಂಪಿಗೆ ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ 5 ದಿನ ಸಾಕಾಯಿತು, ಉಳಿದವರಿಗೆ 7 ದಿನ. ಸಾವಿನ ಪ್ರಮಾಣವೂ ಮೊದಲ ಗುಂಪಿನಲ್ಲೇ ಕಡಿಮೆ ಇತ್ತು. ಆದರೆ ಅವಧಿ ಮೊದಲೇ ಗೊತ್ತಿರುವ ಕಾಯಿಲೆಗಳಿಗೆ ಈ ನಿಯಮ ಸಲ್ಲದು. ಹೃದಯದ ಕವಾಟದ ಸೋಂಕು, ಮೂಳೆಯ ಸೋಂಕು, ಕ್ಷಯ, ಮತ್ತು ಕರಾವಳಿಯಲ್ಲೂ ಘಟ್ಟದ ಮೇಲೂ ಮಳೆಗಾಲದಲ್ಲಿ ಮಣ್ಣು-ನೀರಿನಿಂದ ತಗಲಿ ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಕಾಡುವ ಮೆಲಿಯಾಯ್ಡೋಸಿಸ್, ಇವುಗಳಲ್ಲಿ ಅಂಕಿ ಇಳಿಯಿತೆಂದು ಔಷಧ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಮೆಲಿಯಾಯ್ಡೋಸಿಸ್‌ಗೆ ಇಂಜೆಕ್ಷನ್ ಮುಗಿದ ಮೇಲೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.

ನಮ್ಮ ಕಡೆಯ ಜ್ವರಗಳಲ್ಲಿ ಈ ಪರೀಕ್ಷೆಯನ್ನು ಓದುವಾಗ ಇನ್ನೊಂದಿಷ್ಟು ಎಚ್ಚರ ಬೇಕು. ವೈರಸ್ ಸೋಂಕಿನಲ್ಲಿ ದೇಹ ಬಿಡುಗಡೆ ಮಾಡುವ ಇಂಟರ್‌ಫೆರಾನ್ ಪ್ರೊಕ್ಯಾಲ್ಸಿಟೋನಿನ್ ತಯಾರಿಕೆಯನ್ನು ತಗ್ಗಿಸುವುದರಿಂದ, ವೈರಸ್ ಜ್ವರಗಳಲ್ಲಿ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯೂ ವೈರಸ್ಸಿನದೇ. ಆದರೂ ಅಂಕಿ ಕಡಿಮೆ ಇದೆ ಎಂಬುದರಿಂದ ಮಂಗನ ಕಾಯಿಲೆ ಎಂದಾಗಲಿ, ಅಪಾಯವಿಲ್ಲ ಎಂದಾಗಲಿ ತೀರ್ಮಾನಿಸುವಂತಿಲ್ಲ. ಅದನ್ನು ಹೇಳುವುದು ಪಿಸಿಆರ್ ಪರೀಕ್ಷೆ, ಅಪಾಯವನ್ನು ಹೇಳುವುದು ರಕ್ತಸ್ರಾವ, ಪ್ಲೇಟ್‌ಲೆಟ್ ಎಣಿಕೆ ಮತ್ತು ರೋಗಿಯ ಪ್ರಜ್ಞೆ. ಸ್ಕ್ರಬ್ ಟೈಫಸ್‌ನಲ್ಲಿ ಅಪಾಯ ಬೇರೆ ಬಗೆಯದು. ಅದರ ಬ್ಯಾಕ್ಟೀರಿಯಾ ಕೋಶದೊಳಗೆ ಅಡಗಿರುವುದರಿಂದ ಅಂಕಿ ಸಾಧಾರಣವಾಗಿಯಷ್ಟೇ ಏರಿರಬಹುದು, ಹಾಗಾಗಿ ಕಂಕುಳಲ್ಲೋ ಸೊಂಟದ ಪಟ್ಟಿಯ ಕೆಳಗೋ ಸಿಗರೇಟಿನಿಂದ ಸುಟ್ಟಂತೆ ಕಾಣುವ ಕಪ್ಪು ಹಕ್ಕಳೆ ಇದ್ದರೆ, ರಿಪೋರ್ಟು ಏನೇ ಹೇಳಲಿ, ಡಾಕ್ಸಿಸೈಕ್ಲಿನ್ ಶುರುವಾಗಬೇಕು. ರೋಗಿಯ ಮೈಯನ್ನು ತಲೆಯಿಂದ ಕಾಲಿನವರೆಗೆ ಬೆಳಕಿನಲ್ಲಿ ಒಮ್ಮೆ ನೋಡುವುದು ಯಾವ ಲ್ಯಾಬಿಗೂ ಕಡಿಮೆಯಲ್ಲ. ಇಲಿ ಜ್ವರದಲ್ಲಿ ಮೂತ್ರಪಿಂಡ ಕೆಟ್ಟಿದ್ದರೆ ಅಂಕಿಯ ಇಳಿಕೆ ನಿಧಾನವಾಗಬಹುದು, ಆಗ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಜೊತೆಗಿಟ್ಟು ಓದಬೇಕು. ಮಾರಕ ಮಲೇರಿಯಾದಲ್ಲೂ ಬ್ಯಾಕ್ಟೀರಿಯಾ ಇಲ್ಲದೆಯೇ ಅಂಕಿ ಏರುತ್ತದೆ. ಮರದಿಂದ ಬಿದ್ದು ಭಾರಿ ಪೆಟ್ಟಾದವರಲ್ಲಿ, ಸುಟ್ಟ ಗಾಯದವರಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿ, ಹುಟ್ಟಿದ ಮೊದಲೆರಡು ದಿನಗಳ ಶಿಶುವಿನಲ್ಲಿ ಸಹ ಹಾಗೆಯೇ.

ಕೊನೆಯದಾಗಿ, ಬೆರಳಚ್ಚಿನಷ್ಟು ಪಟ್ಟಿಯ ಮೇಲೆ ಗೆರೆ ಮೂಡಿಸಿ ತೋರಿಸುವ ಕಾರ್ಡ್ ಪರೀಕ್ಷೆಗಳು ‘2ರಿಂದ 10ರ ನಡುವೆ’ ಎಂಬಂತೆ ಅಂದಾಜು ಮಾತ್ರ ಹೇಳುತ್ತವೆ. ಮೊದಲ ಅಂದಾಜಿಗೆ ಅವು ಸಾಕು, ಇಳಿಕೆ ಅಳೆಯಲು ಸಾಲವು. ಪರೀಕ್ಷೆ ಅಗ್ಗವೂ ಅಲ್ಲ, ಆದ್ದರಿಂದ ದಿನವೂ ಮಾಡಿಸಲು ಸಾಧ್ಯವಿಲ್ಲದ ಮನೆಯವರು ದಾಖಲಾದ ದಿನ ಒಮ್ಮೆ, ಎರಡನೆಯ ಅಥವಾ ಮೂರನೆಯ ದಿನ ಒಮ್ಮೆ, ಔಷಧ ನಿಲ್ಲಿಸುವ ಯೋಚನೆ ಬಂದಾಗ ಒಮ್ಮೆ, ಒಂದೇ ಲ್ಯಾಬಿನಲ್ಲಿ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಬಹುದು.

ಕಾರ್ಟಿಸಾಲ್: ಕಡಿಮೆಯಾದರೂ ಕಷ್ಟ, ವಿಪರೀತವಾದರೂ ಕಷ್ಟ

ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕಷ್ಟಕಾಲದಲ್ಲಿ ಕಾರ್ಟಿಸಾಲ್ ಹೆಚ್ಚಿಸಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹಿಡಿದಿಡುತ್ತದೆ. ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ ಹೆಚ್ಚು, ರಾತ್ರಿ ಕಡಿಮೆ ಎಂಬ ಲಯವಿರುತ್ತದೆ; ತೀವ್ರ ಕಾಯಿಲೆಯಲ್ಲಿ ಆ ಲಯ ಕೆಡುವುದರಿಂದ ರಕ್ತವನ್ನು ಯಾವ ಹೊತ್ತಿನಲ್ಲಿ ಬೇಕಾದರೂ ತೆಗೆಯಬಹುದು. ತೀವ್ರವಾಗಿ ಕಾಯಿಲೆ ಬಿದ್ದವರಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಗ್ರಂಥಿ ಸೋತಿದೆ ಎಂಬ ಅನುಮಾನ ಬಲವಾಗುತ್ತದೆ. ವಿಚಿತ್ರವೆಂದರೆ, ಅತಿ ಹೆಚ್ಚಿನ ಅಂಕಿಯೂ ಒಳ್ಳೆಯ ಸುದ್ದಿಯಲ್ಲ. ಫ್ರಾನ್ಸಿನಲ್ಲಿ ಸೆಪ್ಟಿಕ್ ಶಾಕ್‌ನ, ಅಂದರೆ ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ, 189 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಕಾರ್ಟಿಸಾಲ್ 34 ಅಥವಾ ಅದಕ್ಕಿಂತ ಕಡಿಮೆ ಇದ್ದು, ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಇಂಜೆಕ್ಷನ್ನಿಗೆ 9ಕ್ಕಿಂತ ಹೆಚ್ಚು ಏರಿಕೆ ತೋರಿದವರಲ್ಲಿ 28 ದಿನಗಳೊಳಗೆ ಸತ್ತವರು ಶೇ. 26, 34ಕ್ಕಿಂತ ಹೆಚ್ಚಿದ್ದು, ಏರಿಕೆಯೂ ಕಾಣದವರಲ್ಲಿ ಶೇ. 82. ಗ್ರಂಥಿ ಈಗಾಗಲೇ ತನ್ನ ಶಕ್ತಿಯನ್ನೆಲ್ಲ ಸುರಿದಿದೆ, ಇನ್ನು ಕೊಡಲು ಬಾಕಿ ಇಲ್ಲ ಎಂಬುದನ್ನು ಆ ಎರಡನೆಯ ಗುಂಪು ತೋರಿಸುತ್ತದೆ. ಇಂದಿನ ಚಿಕಿತ್ಸೆ ಅಂದಿಗಿಂತ ಮುಂದುವರಿದಿರುವುದರಿಂದ ಆ ಶೇಕಡಾವಾರನ್ನು ಇವತ್ತಿನ ರೋಗಿಗೆ ನೇರವಾಗಿ ಅನ್ವಯಿಸಬಾರದು. ದಿಕ್ಕು ಮಾತ್ರ ಇಂದಿಗೂ ನಿಜ.

ಕಾರ್ಟಿಸಾಲ್ ರಿಪೋರ್ಟು ಓದುವುದರಲ್ಲಿ ಅರ್ಧ ಕೆಲಸ ಮನೆಯವರದೇ, ಏಕೆಂದರೆ ಅದರ ಅರ್ಥ ಅಡಗಿರುವುದು ರೋಗಿಯ ಹಿಂದಿನ ಕಥೆಯಲ್ಲಿ. ಉಬ್ಬಸಕ್ಕೋ ಮಂಡಿನೋವಿಗೋ ಪ್ರೆಡ್ನಿಸೊಲೋನ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದ್ದರೆ, ಯಾರೋ ಕೊಟ್ಟ ಹೆಸರಿಲ್ಲದ ನೋವಿನ ಪುಡಿ ತಿಂದೊಡನೆ ಮುಖ ಊದಿಕೊಂಡಿದ್ದರೆ, ಅದನ್ನು ಸಂಕೋಚವಿಲ್ಲದೆ ಹೇಳಬೇಕು. ಹೊರಗಿನ ಸ್ಟಿರಾಯ್ಡಿಗೆ ಒಗ್ಗಿದ ಗ್ರಂಥಿ ನಿದ್ದೆ ಹೋಗಿರುತ್ತದೆ. ಅಡ್ರಿನಲ್ ಗ್ರಂಥಿಯನ್ನು ಕ್ಷಯವೂ ಕೆಡಿಸಬಲ್ಲದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಆಮೇಲೆ ಎದೆಹಾಲೂ ಬಾರದೆ ಮುಟ್ಟೂ ನಿಂತುಹೋದ ತಾಯಂದಿರಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಒಣಗಿ, ಕಾರ್ಟಿಸಾಲ್‌ಗೆ ಆದೇಶ ಕೊಡುವವರೇ ಇಲ್ಲದಂತಾಗಿರುತ್ತದೆ. ನಮ್ಮ ಭಾಗದಲ್ಲಿ ಕೇಳಲೇಬೇಕಾದ, ಆದರೆ ಕೇಸ್ ಶೀಟಿನಲ್ಲಿ ಅಪರೂಪವಾಗಿ ಕಾಣುವ ಪ್ರಶ್ನೆ ಇನ್ನೊಂದಿದೆ: ಹಿಂದೆಂದಾದರೂ ಕೊಳಕುಮಂಡಲ ಕಚ್ಚಿತ್ತೇ? ಆ ಹಾವಿನ ವಿಷ ಕೆಲವರಲ್ಲಿ ಪಿಟ್ಯುಟರಿಗೆ ಹೋಗುವ ರಕ್ತವನ್ನು ತಡೆದು ಗ್ರಂಥಿಯನ್ನು ಕೆಡಿಸುತ್ತದೆ. ಅವರು ವರ್ಷಗಟ್ಟಲೆ ಸುಸ್ತು, ನಿರಾಸಕ್ತಿ ಎಂದುಕೊಂಡೇ ಬದುಕಿ, ಒಂದು ಸಾಧಾರಣ ನ್ಯುಮೋನಿಯಾ ಬಂದಾಗ ರಕ್ತದೊತ್ತಡ ಕುಸಿದು ಆಸ್ಪತ್ರೆಗೆ ಬರುತ್ತಾರೆ. ಅಂಥ ರೋಗಿಯಲ್ಲಿ ಸೋಡಿಯಂ ಕಡಿಮೆ, ಸಕ್ಕರೆ ಕಡಿಮೆ, ಎಷ್ಟು ಡ್ರಿಪ್ ಹಾಕಿದರೂ ಬಿಪಿ ಏರದು. ಈ ಮೂರೂ ಒಟ್ಟಿಗೆ ಕಂಡರೆ ಕಾರ್ಟಿಸಾಲ್‌ಗೆ ರಕ್ತ ತೆಗೆದಿಟ್ಟು, ರಿಪೋರ್ಟಿಗೆ ಕಾಯದೆ ಹೈಡ್ರೊಕಾರ್ಟಿಸೋನ್ ಕೊಡಬೇಕು.

ಅಂಕಿ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಹೈಡ್ರೊಕಾರ್ಟಿಸೋನ್ ಎಂದರೆ ಕಾರ್ಟಿಸಾಲೇ ಆದ್ದರಿಂದ ಇಂಜೆಕ್ಷನ್ ಆದ ಮೇಲೆ ತೆಗೆದ ರಕ್ತದಲ್ಲಿ ಸಿಗುವುದು ಸೀಸೆಯೊಳಗಿನ ಔಷಧದ ಅಳತೆ. ಪ್ರೆಡ್ನಿಸೊಲೋನ್ ಹಲವು ಯಂತ್ರಗಳನ್ನು ಮೋಸಗೊಳಿಸಿ ಅಂಕಿಯನ್ನು ಹುಸಿಯಾಗಿ ಏರಿಸುತ್ತದೆ. ಡೆಕ್ಸಾಮೆಥಸೋನ್ ಯಂತ್ರಕ್ಕೆ ಕಾಣುವುದಿಲ್ಲವಾದರೂ ಗ್ರಂಥಿಯನ್ನು ಅದುಮಿಡುತ್ತದೆ. ಕಾರ್ಟಿಸಾಲ್ ರಕ್ತದಲ್ಲಿ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡು ಸಾಗುವುದರಿಂದ, ಅಲ್ಬುಮಿನ್ 2.5ಕ್ಕಿಂತ ಕೆಳಗಿಳಿದ ರೋಗಿಯಲ್ಲಿ ಒಟ್ಟು ಅಂಕಿ ಕಡಿಮೆ ಕಂಡರೂ ಕೆಲಸ ಮಾಡುವ ಪಾಲು ಸಾಕಷ್ಟೇ ಇರಬಹುದು. ಇಷ್ಟೆಲ್ಲ ತೊಡಕು ಇರುವುದರಿಂದಲೇ, ಬಿಪಿ ಏರಿಸುವ ಔಷಧದ ಪ್ರಮಾಣ ಹೆಚ್ಚುತ್ತಲೇ ಹೋಗುವ ಸೆಪ್ಟಿಕ್ ಶಾಕ್‌ನಲ್ಲಿ ವೈದ್ಯರು ಕಾರ್ಟಿಸಾಲ್ ನೋಡದೆಯೇ ದಿನಕ್ಕೆ 200 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಆರಂಭಿಸುತ್ತಾರೆ. ‘ಟೆಸ್ಟೇ ಮಾಡದೆ ಸ್ಟಿರಾಯ್ಡ್ ಯಾಕೆ ಕೊಟ್ಟಿರಿ’ ಎಂದು ಜಗಳ ತೆಗೆಯುವ ಮುನ್ನ ಇದು ತಿಳಿದಿರಲಿ.

ಉಳಿದ ಹಾರ್ಮೋನುಗಳು

ಅಡ್ರಿನೊಮೆಡುಲಿನ್ ರಕ್ತನಾಳಗಳನ್ನು ಸಡಿಲಗೊಳಿಸುವ ಹಾರ್ಮೋನು, 1993ರಲ್ಲಿ ಜಪಾನಿನ ಸಂಶೋಧಕರು ಕಂಡುಹಿಡಿದದ್ದು. ಅದು ರಕ್ತದಲ್ಲಿ ಬಹುಬೇಗ ಮಾಯವಾಗುವುದರಿಂದ, ಅದರ ಜೊತೆಯಲ್ಲೇ ಹುಟ್ಟುವ ಹೆಚ್ಚು ಬಾಳುವ ತುಣುಕೊಂದನ್ನು ಅಳೆಯುತ್ತಾರೆ. ಯಾರಿಗೆ ಅಂಗಾಂಗಗಳು ಸೋಲುವ ಅಪಾಯವಿದೆ ಎಂದು ಊಹಿಸುವುದರಲ್ಲಿ ಇದು ಪ್ರೊಕ್ಯಾಲ್ಸಿಟೋನಿನ್‌ಗಿಂತ ಚುರುಕೆಂದು ಹಲವು ಅಧ್ಯಯನಗಳು ಹೇಳಿವೆ, ಆದರೆ ಮೂತ್ರಪಿಂಡ ಮತ್ತು ಹೃದಯದ ಹಳೆಯ ಕಾಯಿಲೆಯವರಲ್ಲಿ ಸೋಂಕಿಲ್ಲದೆಯೂ ಏರಿರುತ್ತದೆ. ದೇಹದ ನೀರನ್ನೂ ರಕ್ತದೊತ್ತಡವನ್ನೂ ಕಾಯುವ ವಾಸೋಪ್ರೆಸಿನ್ ಹಾರ್ಮೋನಿನ ಒಡಹುಟ್ಟಾದ ಕೊಪೆಪ್ಟಿನ್‌ನ ವಿಷಯವೂ ಹೆಚ್ಚುಕಡಿಮೆ ಇದೇ. ಇವೆರಡೂ ಸಂಶೋಧನೆಯಲ್ಲಿ ಹೆಸರು ಮಾಡಿದವು. ಮಲೆನಾಡಿನ ವಾರ್ಡಿನಲ್ಲಿ ಇವಿಲ್ಲವೆಂದು ಕೊರಗಬೇಕಾಗಿಲ್ಲ, ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಮತ್ತು ಗಂಟೆಗಂಟೆಯ ಮೂತ್ರದ ಅಳತೆ ಬಹುಮಟ್ಟಿಗೆ ಅದೇ ಕಥೆ ಹೇಳುತ್ತವೆ. ಹೃದಯದ ಮೇಲೆ ಒತ್ತಡ ಬಿದ್ದಾಗ ಅದು ಸ್ರವಿಸುವ ಬಿಎನ್‌ಪಿ ಏರಿದೆ ಎಂದರೆ ಹೃದಯಾಘಾತವೇ ಆಗಿದೆ ಎಂದಲ್ಲ. ಸೆಪ್ಸಿಸ್‌ನ ಒತ್ತಡದಲ್ಲಿ ಹೃದಯ ದಣಿದಾಗಲೂ ಅದು ಏರುತ್ತದೆ, ಎಕೋ ಮಾಡಿಸಿ ನೋಡಬೇಕು.

ಥೈರಾಯ್ಡ್ ರಿಪೋರ್ಟು ಮಾತ್ರ ಬೇರೆ ಬಗೆಯ ತೊಂದರೆ ತರುತ್ತದೆ. ತೀವ್ರ ಕಾಯಿಲೆಯಲ್ಲಿ ದೇಹ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ಥೈರಾಯ್ಡ್ ಹಾರ್ಮೋನಾದ ಟಿ3 ಇಳಿಯುತ್ತದೆ, ಇನ್ನೂ ಬಿಗಡಾಯಿಸಿದರೆ ಟಿ4 ಕೂಡ ಇಳಿಯುತ್ತದೆ, ಥೈರಾಯ್ಡಿಗೆ ಆದೇಶ ಕೊಡುವ ಟಿಎಸ್‌ಎಚ್ ಮಾತ್ರ ಏರದೆ ಇರುತ್ತದೆ. ಟಿ4 ಬಹಳ ಇಳಿದಷ್ಟೂ ಪರಿಸ್ಥಿತಿ ಗಂಭೀರ ಎಂಬುದು ನಿಜವಾದರೂ, ಆ ಅಂಕಿಯನ್ನು ಸರಿಪಡಿಸಲೆಂದು ಥೈರಾಕ್ಸಿನ್ ಕೊಡುವುದರಿಂದ ಬದುಕುವ ಸಾಧ್ಯತೆ ಹೆಚ್ಚುತ್ತದೆಂದು ಸಿದ್ಧವಾಗಿಲ್ಲ. ಮೊದಲಿನಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಅದನ್ನು ಐಸಿಯುನಲ್ಲೂ ಮುಂದುವರಿಸಬೇಕು. ಉಳಿದವರು ಗುಣವಾಗಿ ಆರು ವಾರ ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಸಾಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಅದನ್ನೂ ಲ್ಯಾಬಿಗೆ ತಿಳಿಸಬೇಕು, ಕೆಲವು ಯಂತ್ರಗಳಲ್ಲಿ ಅದು ಥೈರಾಯ್ಡ್, ಕಾರ್ಟಿಸಾಲ್, ಪ್ರೊಕ್ಯಾಲ್ಸಿಟೋನಿನ್ ಅಂಕಿಗಳನ್ನು ಏರುಪೇರು ಮಾಡುತ್ತದೆ.

ವೈದ್ಯರನ್ನು ಕೇಳುವಾಗ, ಬೇರೆಡೆಗೆ ಒಯ್ಯುವಾಗ

ಬೆಳಗಿನ ರೌಂಡ್ಸ್‌ನಲ್ಲಿ ಮನೆಯವರಿಗೆ ಸಿಗುವುದು ಎರಡು ನಿಮಿಷ. ‘ಡಾಕ್ಟ್ರೇ, ರಿಪೋರ್ಟು ಎಷ್ಟು ಬಂತು?’ ಎಂದು ಕೇಳಿದರೆ ಉತ್ತರವಾಗಿ ಅಂಕಿಯೊಂದು ಸಿಗುತ್ತದೆ, ಅಷ್ಟೆ. ‘ನಿನ್ನೆಗಿಂತ ಎಷ್ಟು ಇಳಿದಿದೆ? ಬಿಪಿಯ ಔಷಧ ಕಡಿಮೆ ಮಾಡಿದ್ದೀರಾ? ಮೂತ್ರ ಸರಿಯಾಗಿ ಹೋಗ್ತಿದೆಯಾ?’ ಎಂದು ಕೇಳಿದರೆ ರೋಗಿ ಯಾವ ಕಡೆ ಸಾಗುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಅಂಕಿ ಇಳಿಯುತ್ತಿದ್ದು ಬಿಪಿಯ ಔಷಧ ಏರುತ್ತಿದ್ದರೆ ನಂಬಬೇಕಾದದ್ದು ಬಿಪಿಯನ್ನು. ಹಾಸಿಗೆಯ ಬಳಿ ಕಾಣುವುದಕ್ಕೂ ಲ್ಯಾಬಿನ ಹಾಳೆಗೂ ತಾಳೆಯಾಗದಿದ್ದಾಗ, ಒಳ್ಳೆಯ ವೈದ್ಯರು ಮೊದಲು ಹಾಳೆಯನ್ನೇ ಅನುಮಾನಿಸುತ್ತಾರೆ.

ರೋಗಿಯನ್ನು ಶಿವಮೊಗ್ಗದಿಂದ ಮಣಿಪಾಲಕ್ಕೋ ಬೆಂಗಳೂರಿಗೋ ಒಯ್ಯುವಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಕೊನೆಯ ಅಂಕಿ ಮಾತ್ರ ಇರುವುದುಂಟು. ಹಿಂದಿನ ಎಲ್ಲ ರಿಪೋರ್ಟುಗಳ ಪ್ರತಿಯನ್ನೂ ಕೇಳಿ ಪಡೆಯಬೇಕು. ಅಳತೆಯ ಮಾನವನ್ನೂ ಹೊಂದಿಸಿ ನೋಡಬೇಕು. ಪ್ರೊಕ್ಯಾಲ್ಸಿಟೋನಿನ್ ಒಂದೆಡೆ ಮಿಲಿಲೀಟರಿಗೆ ನ್ಯಾನೋಗ್ರಾಂ, ಇನ್ನೊಂದೆಡೆ ಲೀಟರಿಗೆ ಮೈಕ್ರೋಗ್ರಾಂ ಎಂದಿದ್ದರೆ ಎರಡೂ ಒಂದೇ, ಅಂಕಿ ಬದಲಾಗುವುದಿಲ್ಲ. ಕಾರ್ಟಿಸಾಲ್ ಹಾಗಲ್ಲ: ಡೆಸಿಲೀಟರಿಗೆ ಮೈಕ್ರೋಗ್ರಾಂನಲ್ಲಿರುವ ಅಂಕಿಯನ್ನು 27.6ರಿಂದ ಗುಣಿಸಿದರೆ ಲೀಟರಿಗೆ ನ್ಯಾನೋಮೋಲ್ ಬರುತ್ತದೆ, ಅಂದರೆ ಇಲ್ಲಿಯ 10 ಅಲ್ಲಿ 276 ಆಗುತ್ತದೆ. ಹೊರಡುವ ಮುನ್ನ ಸ್ಟಿರಾಯ್ಡ್ ಕೊಟ್ಟ ಕೊನೆಯ ಗಂಟೆಯನ್ನು ಫೈಲಿನ ಮೊದಲ ಹಾಳೆಯ ಮೇಲೆ ಬರೆಸಿಕೊಳ್ಳಬೇಕು. ಅದು ಗೊತ್ತಿಲ್ಲದೆ ಹೊಸ ಆಸ್ಪತ್ರೆಯಲ್ಲಿ ಕಾರ್ಟಿಸಾಲ್‌ಗೆ ರಕ್ತ ತೆಗೆದರೆ ಆ ರಿಪೋರ್ಟನ್ನು ಯಾರೂ ಅರ್ಥೈಸಲಾರರು.